ಬಣ್ಣಕ್ಕಿಂತ ಮೊದಲು ಕಿಡಿ ನೋಡು

ತಮ್ಮಾ, ನಿಮ್ಮ ತಾತನ ಯೆಜ್ಡಿಯನ್ನು ಗುಜರಿಗೆ ಹಾಕದೆ ಉಳಿಸಿಕೊಂಡೆಯಲ್ಲ, ನನಗೆ ಬಲು ಸಂತೋಷ. ಆದರೆ ಬಣ್ಣ ಹೊಡೆಸುವ ಮೊದಲು ಅದರ ಕರೆಂಟಿನ ಕಡೆ ನೋಡು. ತಿಗನಾರೆಯಿಂದ ಸತ್ಯಮಂಗಲಕ್ಕೆ ಇಳಿಯಬೇಕೆಂದರೆ ಹಾಸನೂರಿನ ಕಾಡು ದಾಟಬೇಕು, ದಿಂಬಂ ಘಾಟಿಯ 27 ತಿರುವು ಇಳಿಯಬೇಕು. ಆನೆ ರಸ್ತೆಗೆ ಬರುವ ಹೊತ್ತಿನಲ್ಲಿ ಗಾಡಿ ಮಿಸ್ಸಿಂಗ್ ಹೊಡೆದು ನಿಂತರೆ ಹೊಸ ಬಣ್ಣ ಯಾವ ಕೆಲಸಕ್ಕೂ ಬರುವುದಿಲ್ಲ.

ಈ ಗಾಡಿ ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಬಾಗಿಲು ಮುಚ್ಚಿತು. ಗಾಡಿಯ ವೈರು, ಕಾಯಿಲ್ಲು ಬದಲಾಗದೆ ಉಳಿದಿದ್ದರೆ ಅವು ನಿನಗಿಂತ ಹಿರಿಯವು.

ಬಲಗಡೆ ಕವರ್ ಬಿಚ್ಚು. ಡೈನಮೋ ಮೇಲೇ, ಕಿಡಿ ಹುಟ್ಟಿಸಲು ತೆರೆದು ಮುಚ್ಚುವ ಪಾಯಿಂಟ್ ಕಾಣುತ್ತದೆ. ಸೈಲೆನ್ಸರ್ ಎರಡಿದ್ದರೂ ಸಿಲಿಂಡರ್ ಒಂದೇ, ಹಾಗಾಗಿ ಪಾಯಿಂಟೂ ಒಂದೇ ಜೊತೆ. ಪೂರ್ತಿ ತೆರೆದಾಗ ನಡುವೆ ಸುಮಾರು 0.4 ಮಿ.ಮೀ. ಸಂದಿ ಇರಬೇಕು. ಕಣ್ಣಂದಾಜು ಬೇಡ, ಫೀಲರ್ ಗೇಜ್ ಹಾಕಿಯೇ ನೋಡು. ಕ್ಯಾಮಿಗೆ ಉಜ್ಜುವ ಹಿಮ್ಮಡಿ ಸವೆದಂತೆಲ್ಲ ಸಂದಿ ಕಿರಿದಾಗುತ್ತದೆ, ಪಾಯಿಂಟ್ ತಡವಾಗಿ ತೆರೆಯುತ್ತದೆ, ಟೈಮಿಂಗ್ ಹಿಂದೆ ಬೀಳುತ್ತದೆ. ಏರಿನಲ್ಲಿ ಗಾಡಿ ಎಳೆಯದಿದ್ದರೆ ಜನ ಕಾರ್ಬುರೇಟರನ್ನೇ ಬೈಯುತ್ತಾರೆ, ತಪ್ಪು ಎಷ್ಟೋ ಸಲ ಇಲ್ಲಿರುತ್ತದೆ. ಮೊದಲು ಸಂದಿ, ಆಮೇಲೆ ಟೈಮಿಂಗ್. ಈ ಕ್ರಮ ತಪ್ಪಿಸಬೇಡ, ಸಂದಿ ಮುಟ್ಟಿದರೆ ಟೈಮಿಂಗೂ ಜರುಗುತ್ತದೆ. ಎಮೆರಿ ಕಾಗದದಿಂದ ಉಜ್ಜಬೇಡ, ಅದರ ಪುಡಿ ಪಾಯಿಂಟಿನ ಬಾಯಲ್ಲೇ ಕೂರುತ್ತದೆ. ಸಣ್ಣ ಅರದಿಂದ ಹಗುರವಾಗಿ ಎಳೆದು, ಪೆಟ್ರೋಲಿನಲ್ಲಿ ಅದ್ದಿದ ಕಾಗದದಿಂದ ಒರೆಸು. ಪಾಯಿಂಟ್ ಮತ್ತೆಮತ್ತೆ ಸುಡುತ್ತಿದ್ದರೆ, ಬಿಸಿಯಾದ ಮೇಲೆ ಗಾಡಿ ತಡವರಿಸಿದರೆ ಕಂಡೆನ್ಸರ್ ಬದಲಿಸು.

ಪ್ಲಗ್ ಬಿಚ್ಚಿ ನೋಡುವ ಅಭ್ಯಾಸ ಮಾಡಿಕೊ. ತುದಿ ಬಿಸ್ಕತ್ತಿನ ಬಣ್ಣವಾದರೆ ನಿಶ್ಚಿಂತೆ. ಕಪ್ಪಗೆ ಒದ್ದೆಯಾಗಿದ್ದರೆ ಪೆಟ್ರೋಲಿಗೆ ಬೆರೆಸುವ ಆಯಿಲ್ ಹೆಚ್ಚಾಗಿರಬಹುದು.

ಪಾಯಿಂಟ್ ತೆಗೆಸಿ ಸಿಡಿಐ ಎಂಬ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸುತ್ತೇನೆ ಎನ್ನುತ್ತಿದ್ದೀಯ. ಬೇಡ ಅನ್ನುವುದಿಲ್ಲ. ಪಾಯಿಂಟಿನ ಸವೆತ ತಪ್ಪುತ್ತದೆ, ಕಿಡಿ ಒಂದೇ ಸಮ ಬರುತ್ತದೆ. ಆದರೆ ಪ್ಲಗ್ ಕ್ಯಾಪು, ದಪ್ಪ ವೈರು, ಅರ್ತು, ಬ್ಯಾಟರಿ ಟರ್ಮಿನಲ್ಲು ಇವನ್ನು ಮೊದಲು ಸರಿಮಾಡಿಸು. ಅರ್ಧ ಕಾಯಿಲೆ ಅಲ್ಲೇ ವಾಸಿಯಾಗುತ್ತದೆ. ಸಿಡಿಐ ಪೆಟ್ಟಿಗೆ ಕೆಟ್ಟರೆ ರಸ್ತೆಯಲ್ಲಿ ಏನೂ ಮಾಡಲಾಗದು. ಪಾಯಿಂಟಾದರೆ ಒರೆಸಿ ಹೊರಡಲು ಚೂರು ಕಾಗದ ಸಾಕು. ಅದಕ್ಕೇ, ಹೊಸದು ಹಾಕಿಸಿದರೂ ಹಳೆಯ ಪಾಯಿಂಟ್ ಪ್ಲೇಟನ್ನು ಮೆಕ್ಯಾನಿಕ್ ಕೈಗೆ ಬಿಡದೆ ಕೇಳಿ ತಗೊಂಡು ಬಾ.

ಡಿಕ್ಕಿಯಲ್ಲಿ ಒಂದು ಪ್ಲಗ್ಗು, ಪ್ಲಗ್ ಸ್ಪ್ಯಾನರು, ಕಂಡೆನ್ಸರು ಸದಾ ಇರಲಿ. ಆದರೂ ಕಾಡಿನ ನಡುವೆ ಗಾಡಿ ನಿಂತಿತೆಂದರೆ ಅಲ್ಲಿ ಕೂತು ರಿಪೇರಿಗೆ ಇಳಿಯಬೇಡ ಕಣಪ್ಪ. ಗಾಡಿ ಪಕ್ಕಕ್ಕೆ ನಿಲ್ಲಿಸಿ, ಹಿಂದೆ ಬರುವ ಬಸ್ಸಿಗೋ ಲಾರಿಗೋ ಕೈ ಅಡ್ಡ ಹಾಕು. ಬೆಳಗಾದ ಮೇಲೆ ನಾಲ್ಕು ಜನ ಕರಕೊಂಡು ಹೋಗಿ ತರೋಣ.