ಪಕ್ಕದಲ್ಲಿ ಅಪಾರ್ಟ್‌ಮೆಂಟ್ ಏಳುವಾಗ

ಬೆಂಗಳೂರಿನ ಹೊರವಲಯದಲ್ಲಿ ಮನೆ ಮಾಡಿದವರಿಗೆ ಇದು ಹೊಸದಲ್ಲ. ನಿನ್ನೆಯವರೆಗೆ ರಾಗಿ ಹೊಲವೋ ನೀಲಗಿರಿ ತೋಪೋ ಇದ್ದ ಜಾಗಕ್ಕೆ ತಗಡಿನ ಬೇಲಿ ಬೀಳುತ್ತದೆ, ಜೆಸಿಬಿ ಬರುತ್ತದೆ. ಮುಂದಿನ ಎರಡು ಮೂರು ವರ್ಷ ಒಣಹಾಕಿದ ಬಟ್ಟೆಯ ಮೇಲೆಲ್ಲ ಕೆಂಪು ಧೂಳು. ಆ ಬೀದಿಯ ಮಕ್ಕಳನ್ನು ‘ನೆಗಡಿ ವಾಸಿಯೇ ಆಗುತ್ತಿಲ್ಲ’ ಎಂದು ಕರೆತರುತ್ತಾರೆ. ಔಷಧಿ ಬರೆಯುವ ಮೊದಲು ನಾನು ಕೇಳುವುದು, ‘ಮನೆ ಹತ್ತಿರ ಏನಾದರೂ ಕಟ್ಟುತ್ತಿದ್ದಾರೆಯೇ?’

ಕಣ್ಣಿಗೆ ಕಾಣುವ ದಪ್ಪ ಧೂಳಿನ ಬಹುಪಾಲು ಮೂಗಿನಲ್ಲೇ ಸಿಕ್ಕಿಕೊಳ್ಳುತ್ತದೆ. 10 ಮೈಕ್ರಾನ್‌ಗಿಂತ ಸಣ್ಣ ಕಣಗಳು, ಅಂದರೆ ಪಿಎಂ 10, ಶ್ವಾಸನಾಳಕ್ಕೆ ಇಳಿಯುತ್ತವೆ. 2.5 ಮೈಕ್ರಾನ್‌ಗಿಂತ ಸಣ್ಣವು ಶ್ವಾಸಕೋಶದ ಗಾಳಿಚೀಲಗಳನ್ನೇ ಮುಟ್ಟುತ್ತವೆ. ಡೀಸೆಲ್ ಹೊಗೆಯಲ್ಲಿರುವುದು ಹೆಚ್ಚಾಗಿ ಈ ಜಾತಿ. ನಮ್ಮ ದೇಶದ 2009ರ ಮಾನದಂಡದಂತೆ 24 ಗಂಟೆಗಳ ಸರಾಸರಿಯಲ್ಲಿ ಘನ ಮೀಟರ್ ಗಾಳಿಗೆ ಪಿಎಂ 10 ಆದರೆ 100 ಮೈಕ್ರೋಗ್ರಾಂ, ಪಿಎಂ 2.5 ಆದರೆ 60 ಮೈಕ್ರೋಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 45 ಮತ್ತು 15.

ಈ ಸರಾಸರಿಯೇ ಮೋಸ ಮಾಡುವಂಥದ್ದು. ಕೆಲಸ ನಿಂತ ರಾತ್ರಿಯೂ ಲೆಕ್ಕಕ್ಕೆ ಸೇರುವುದರಿಂದ, ಸಂಜೆ ಬೀದಿಯಲ್ಲಿ ಆಡುವ ಮಗು ಒಳಗೆಳೆದುಕೊಂಡ ಧೂಳು ಅಲ್ಲಿ ಕಾಣುವುದಿಲ್ಲ.

2006ರ ಕೇಂದ್ರ ಅಧಿಸೂಚನೆಯಂತೆ 20,000 ಚದರ ಮೀಟರ್ ಹಾಗೂ ಅದಕ್ಕಿಂತ ದೊಡ್ಡ ಕಟ್ಟಡ ಯೋಜನೆಗಳಿಗೆ ಮುಂಚಿತವಾಗಿ ಪರಿಸರ ಅನುಮತಿ ಬೇಕು. ಆ ಕಾಗದಪತ್ರ ಕೈಗೆ ಸಿಕ್ಕರೆ ಅಂಕಿಗಿಂತ ಮೊದಲು ಅಳತೆ ಮಾಡಿದ ತಿಂಗಳನ್ನು ನೋಡಿ. ಮಳೆಗಾಲದಲ್ಲಿ ಯಾವ ಊರಿನ ಗಾಳಿಯೂ ಚೊಕ್ಕಟವೇ! ಆಮೇಲೆ ದಿಕ್ಕು ನೋಡಿ. ಬೆಂಗಳೂರಿನಲ್ಲಿ ಮುಂಗಾರಿನ ಗಾಳಿ ಪಶ್ಚಿಮದ ಕಡೆಯಿಂದ, ಚಳಿಗಾಲದ್ದು ಪೂರ್ವದ ಕಡೆಯಿಂದ. ಧೂಳು ಏಳುವುದು ಒಣ ಕಾಲದಲ್ಲಿ. ಹೀಗಾಗಿ ಚಳಿಗಾಲದಲ್ಲಿ ಕಟ್ಟಡದ ಪಶ್ಚಿಮಕ್ಕಿರುವ ಮನೆಗಳಿಗೆ ತೊಂದರೆ ಹೆಚ್ಚು.

ಇಷ್ಟೂ ಕಟ್ಟುವ ಮೊದಲಿನ ಗಾಳಿಯ ಮಾತು. ಕೆಲಸ ನಡೆಯುವಾಗ ಎಷ್ಟು ಸೇರುತ್ತದೆ, ಜನ ಬಂದು ನೆಲೆಸಿದ ಮೇಲೆ ಎಷ್ಟು ಉಳಿಯುತ್ತದೆ ಎಂಬುದನ್ನೂ ಕೇಳಬೇಕು. ಧೂಳು ಅಡಗಿದ ಮೇಲೆ ವಾಹನಗಳ ಹೊಗೆ, ಕರೆಂಟು ಹೋದಾಗ ಜನರೇಟರಿನ ಹೊಗೆ. ಜನರೇಟರಿನ ಹೊಗೆಕೊಳವೆಗೆ ನಿಯಮವಿದೆ. 225 ಕೆವಿಎ ಯಂತ್ರವಾದರೆ, ಅದನ್ನಿಟ್ಟ ಕಟ್ಟಡಕ್ಕಿಂತ ಕನಿಷ್ಠ 3 ಮೀಟರ್ ಎತ್ತರವಿರಬೇಕು. ಬೀದಿಯಲ್ಲಿ ನಿಂತೇ ನೋಡಬಹುದು.

ಕೆಲಸದ ಸ್ಥಳದಲ್ಲಿ ಮಣ್ಣಿನ ರಾಶಿಗೆ ಟಾರ್ಪಾಲಿನ್ ಹೊದಿಸಿ, ಲಾರಿ ಓಡುವ ದಾರಿಗೆ ನೀರು ಚಿಮುಕಿಸುವಂತೆ ನಾಲ್ಕು ಮನೆಯವರು ಸೇರಿ ಕೇಳಿ. ಗ್ರಾನೈಟ್, ಟೈಲ್ಸ್‌ಗಳನ್ನು ನೀರು ಹಾಕಿಯೇ ಕತ್ತರಿಸಬೇಕು. ಒಣದಾಗಿ ಕತ್ತರಿಸಿದರೆ ಏಳುವ ಸಿಲಿಕಾ ಧೂಳು ನಮಗಿಂತ ಮೊದಲು ಅಲ್ಲಿನ ಕೂಲಿಯವರ ಶ್ವಾಸಕೋಶವನ್ನು ಗಟ್ಟಿಗಟ್ಟಿಸುತ್ತದೆ. ಆ ಸಿಲಿಕೋಸಿಸ್ ರೋಗವನ್ನು ವಾಸಿಮಾಡುವ ಔಷಧಿ ಇಲ್ಲ.

ಮನೆಯಲ್ಲಿ ಪೊರಕೆ ಆಡಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸಿ. ಕೆಲಸದ ವೇಳೆ ಆ ಕಡೆಯ ಕಿಟಕಿ ಮುಚ್ಚಿಡಿ. ಉಬ್ಬಸವಿರುವವರು ‘ಈಗ ಚೆನ್ನಾಗಿದ್ದೇನೆ’ ಎಂದು ಇನ್‌ಹೇಲರ್ ಬಿಡಬಾರದು. ರಾತ್ರಿ ಕೆಮ್ಮಿ ಏಳುವ ಮಗುವನ್ನು ಒಮ್ಮೆ ವೈದ್ಯರಿಗೆ ತೋರಿಸಿ. ಉಸಿರೆಳೆಯುವಾಗ ಪಕ್ಕೆ ಒಳಗೆ ಸೆಳೆಯುತ್ತಿದ್ದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.