ಹಣ ಒಂದೇ ಆದರೂ ತೀರ್ಮಾನ ಯಾರದು?



ಒಂದು ನಾಡು ಸ್ವತಂತ್ರವಾಗುವಾಗ ಧ್ವಜ, ಗಡಿ, ಸಂವಿಧಾನಗಳ ಬಗ್ಗೆ ನಡೆಯುವಷ್ಟು ಮಾತು ಹಣದ ಬಗ್ಗೆ ನಡೆಯುವುದಿಲ್ಲ. ಆದರೆ ಸ್ವಾತಂತ್ರ್ಯ ಬಂದ ಮರುದಿನದಿಂದಲೇ ಸಂಬಳ, ಸಾಲ, ಸಂತೆಗಳನ್ನು ಮುಟ್ಟುವ ಪ್ರಶ್ನೆ ಅದೇ ಆಗಿರುತ್ತದೆ. ನಾಣ್ಯ ವ್ಯವಸ್ಥೆಯೆಂದರೆ ಕೈಯಲ್ಲಿ ಹಿಡಿಯುವ ನೋಟು ಮಾತ್ರವಲ್ಲ. ಎಷ್ಟು ನೋಟು ಅಚ್ಚಾಗಬೇಕು, ಬಡ್ಡಿ ಎಷ್ಟಿರಬೇಕು, ಹೊರದೇಶದ ಹಣದೊಡನೆ ವಿನಿಮಯ ದರ ಎಷ್ಟಿರಬೇಕು, ನಷ್ಟವಾದಾಗ ಅದನ್ನು ಯಾರು ಹೊರಬೇಕು ಎಂಬ ತೀರ್ಮಾನಗಳೆಲ್ಲ ಅದರಲ್ಲಿ ಸೇರಿರುತ್ತವೆ. 2014ರಲ್ಲಿ ಸ್ಕಾಟ್ಲೆಂಡ್ ಬ್ರಿಟನ್ನಿನಿಂದ ಬೇರೆಯಾಗಬೇಕೆ ಎಂಬ ಜನಮತಗಣನೆ ನಡೆದಾಗ, ಬೇರೆಯಾದ ಮೇಲೂ ಪೌಂಡನ್ನು ಹಂಚಿಕೊಳ್ಳಬಹುದೇ ಎಂಬ ಒಂದೇ ಪ್ರಶ್ನೆ ತಿಂಗಳುಗಟ್ಟಲೆ ಚರ್ಚೆಯ ನಡುವೆ ನಿಂತಿತ್ತು. ವಿದೇಶದ ಕಂಪನಿಗಳ ಕೆಲಸ ಮಾಡುತ್ತ ಡಾಲರಿನ ದರವನ್ನು ದಿನವೂ ಗಮನಿಸುವ, ಬೆಂಗಳೂರಿನ ಅಂಚಿನ ವರ್ತೂರಿನ ಕಿರಿಯರಿಗೆ ಇದು ದೂರದ ದೇಶದ ಜಗಳವಾಗಿ ಕಾಣಬಹುದಾದರೂ, ಅವರು ಮನೆ ಮಾಡಿಕೊಂಡಿರುವ ನೆಲವೇ ಈ ಪ್ರಶ್ನೆಯನ್ನು ಒಂದಕ್ಕಿಂತ ಹೆಚ್ಚು ಸಲ ಎದುರಿಸಿದೆ.

ವರ್ತೂರು ಸೇರಿದ್ದ ಮೈಸೂರು ಸಂಸ್ಥಾನಕ್ಕೆ ಒಂದು ಕಾಲದಲ್ಲಿ ತನ್ನದೇ ನಾಣ್ಯವಿತ್ತು. ಹದಿನೇಳನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ಟಂಕಿಸಿದ ಕಂಠೀರಾಯ ಹಣವೆಂಬ ಪುಟ್ಟ ಚಿನ್ನದ ನಾಣ್ಯ ಅವರ ಕಾಲದ ನಂತರವೂ ಬಹುಕಾಲ ಲೆಕ್ಕಪತ್ರಗಳಲ್ಲಿ ಬಳಕೆಯಲ್ಲಿತ್ತು. 1831ರಲ್ಲಿ ಬ್ರಿಟಿಷರು ಸಂಸ್ಥಾನದ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡ ಮೇಲೆ, ಮೈಸೂರಿನ ಟಂಕಸಾಲೆ, ಅಂದರೆ ನಾಣ್ಯ ಅಚ್ಚು ಹಾಕುವ ಕಾರ್ಖಾನೆ, 1833ರಲ್ಲಿ ಬೆಂಗಳೂರಿಗೆ ಬಂದು 1843ರಲ್ಲಿ ಮುಚ್ಚಿಹೋಯಿತು. 1881ರಲ್ಲಿ ಹತ್ತನೆಯ ಚಾಮರಾಜ ಒಡೆಯರಿಗೆ ಆಡಳಿತವನ್ನು ಮರಳಿ ಕೊಡುವಾಗ ಬರೆದ ಹಸ್ತಾಂತರ ಪತ್ರದಲ್ಲಿ, ಭಾರತ ಸರ್ಕಾರದ ನಾಣ್ಯವೇ ಸಂಸ್ಥಾನದಲ್ಲಿ ಕಾನೂನುಬದ್ಧವಾಗಿ ಚಲಾವಣೆಯಾಗಬೇಕು, ಬಹುಕಾಲದಿಂದ ನಿಂತುಹೋಗಿರುವ ಮೈಸೂರಿನ ಪ್ರತ್ಯೇಕ ನಾಣ್ಯವನ್ನು ಮತ್ತೆ ಆರಂಭಿಸಕೂಡದು ಎಂದು ಸ್ಪಷ್ಟವಾಗಿ ಷರತ್ತು ಹಾಕಲಾಯಿತು. ರಾಜ್ಯ ಮರಳಿ ಬಂದಿತು, ನಾಣ್ಯ ಬರಲಿಲ್ಲ.

ಈ ಷರತ್ತಿನಿಂದ ಕೆಡುಕಷ್ಟೇ ಆಯಿತೆಂದು ಹೇಳುವುದು ನ್ಯಾಯವಲ್ಲ. ಆ ಕಾಲದಲ್ಲಿ ಬೆಂಗಳೂರಿನ ಕಂಟೋನ್ಮೆಂಟು, ಊರವರ ಮಾತಿನಲ್ಲಿ ದಂಡು, ನೇರವಾಗಿ ಬ್ರಿಟಿಷರ ಆಡಳಿತದಲ್ಲಿತ್ತು. ವರ್ತೂರು ಮಹಾರಾಜರ ಆಡಳಿತದಲ್ಲಿತ್ತು. ದಂಡು ಮೈಸೂರಿಗೆ ಮರಳಿ ಸೇರಿದ್ದು 1947ರ ಜುಲೈಯಲ್ಲಿ. ಅಲ್ಲಿಯವರೆಗೆ ವರ್ತೂರಿನಿಂದ ದಂಡಿನ ಮಾರುಕಟ್ಟೆಗೆ ಸೊಪ್ಪು ತರಕಾರಿ ಒಯ್ಯುವವರು ಒಂದು ಸರ್ಕಾರದ ಸರಹದ್ದು ದಾಟಿ ಇನ್ನೊಂದಕ್ಕೆ ಹೋಗಬೇಕಾಗಿದ್ದರೂ, ಹಣ ಬದಲಾಯಿಸುವ ಕಷ್ಟವಾಗಲಿ ಅದಕ್ಕೆ ಬಟ್ಟ, ಅಂದರೆ ವಿನಿಮಯದ ಕಡಿತ, ಕಳೆದುಕೊಳ್ಳುವ ನಷ್ಟವಾಗಲಿ ಅವರಿಗೆ ಇರಲಿಲ್ಲ. ಹಂಚಿಕೊಂಡ ನಾಣ್ಯದ ಉಪಕಾರವೆಂದರೆ ಇದೇ, ಮತ್ತು ಬಡವರ ಮಟ್ಟಿಗೆ ಇದು ಸಣ್ಣ ಉಪಕಾರವಲ್ಲ.

ದೋಷವಿದ್ದದ್ದು ಬೇರೆ ಕಡೆ. 1927ರಲ್ಲಿ ರೂಪಾಯಿಯ ಬೆಲೆಯನ್ನು ಒಂದು ಶಿಲಿಂಗ್ ಆರು ಪೆನ್ಸಿಗೆ ನಿಗದಿ ಮಾಡಿದಾಗ, ಅದು ಒಂದು ಶಿಲಿಂಗ್ ನಾಲ್ಕು ಪೆನ್ಸ್ ಇರಬೇಕೆಂದು ಭಾರತದ ವರ್ತಕರು ವಾದಿಸಿ ಸೋತರು. ರೂಪಾಯಿಯ ಬೆಲೆ ಏರಿದರೆ ಪೌಂಡಿನ ಲೆಕ್ಕದಲ್ಲಿ ಮಾರಿದ ಸರಕಿಗೆ ಕೈಗೆ ಬರುವ ರೂಪಾಯಿಗಳು ಕಡಿಮೆಯಾಗುತ್ತವೆ. ಆದುದರಿಂದ ಚಿಕ್ಕಮಗಳೂರಿನ ಕಾಫಿಯನ್ನು ಹೊರದೇಶಕ್ಕೆ ಕಳುಹಿಸುವವರ ಗಳಿಕೆಯನ್ನು ಆ ತೀರ್ಮಾನ ನೇರವಾಗಿ ಮುಟ್ಟುತ್ತಿತ್ತು. ಆಗ ಮೈಸೂರಿಗೆ ದಿವಾನರಿದ್ದರು, ಪ್ರಜಾಪ್ರತಿನಿಧಿ ಸಭೆಯಿತ್ತು, 1913ರಲ್ಲಿ ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ ಹುಟ್ಟಿದ ಮೈಸೂರು ಬ್ಯಾಂಕೂ ಇತ್ತು. ವಿನಿಮಯ ದರವನ್ನು ನಿರ್ಧರಿಸುವ ಕಡೆ ಮಾತ್ರ ಮೈಸೂರಿನ ಪ್ರಜೆಗಳಿಗೆ ಮತವಿರಲಿಲ್ಲ. ಎಲ್ಲರಿಗೂ ಸೇರಿದ ಸಂಸ್ಥೆಯೊಂದು ಆಶ್ರಯವಾಗುತ್ತದೋ ಅಧೀನತೆಯಾಗುತ್ತದೋ ಎಂಬುದು ತೀರ್ಮಾನವಾಗುವುದು ಈ ಒಂದು ಅಂಶದಿಂದ ಎಂಬುದನ್ನು ಕಿರಿಯರು ಗಟ್ಟಿಯಾಗಿ ಹಿಡಿದುಕೊಳ್ಳಬೇಕು.

1947ರ ಆಗಸ್ಟಿನಲ್ಲಿ ಜಯಚಾಮರಾಜ ಒಡೆಯರು ಸಹಿ ಹಾಕಿದ ವಿಲೀನ ಪತ್ರ ಭಾರತಕ್ಕೆ ಒಪ್ಪಿಸಿದ್ದು ರಕ್ಷಣೆ, ವಿದೇಶಾಂಗ, ಸಂಪರ್ಕ ಎಂಬ ಮೂರು ವಿಷಯಗಳನ್ನು ಮಾತ್ರ. ಹಣದ ವಿಷಯ ಅದರಲ್ಲಿರಲಿಲ್ಲ. ಮೈಸೂರು ಚಲೋ ಚಳವಳಿಯ ಫಲವಾಗಿ ಅದೇ ವರ್ಷದ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಜವಾಬ್ದಾರಿ ಸರ್ಕಾರ ಬಂದಿತು; ಮೈಸೂರಿನ ಪ್ರತಿನಿಧಿಗಳು ಸಂವಿಧಾನ ಸಭೆಯಲ್ಲೂ ಕುಳಿತರು. 1950ರಲ್ಲಿ ಸಂಸ್ಥಾನದ ರೈಲ್ವೆ ಮತ್ತು ಆದಾಯ ತೆರಿಗೆ ಕೇಂದ್ರಕ್ಕೆ ಹೋದವು; ಅದರಿಂದಾದ ವರಮಾನದ ಕೊರತೆಯನ್ನು ಕೆಲವು ವರ್ಷಗಳ ಕಾಲ ಕೇಂದ್ರವೇ ತುಂಬಿಕೊಡುವ ಒಪ್ಪಂದವೂ ಆಯಿತು. 1881ರಲ್ಲಿ ಹೇರಿದ್ದ ಭಾರತದ ನಾಣ್ಯವನ್ನು ಈ ಸಲ ಮೈಸೂರು ಚರ್ಚಿಸಿ, ಲೆಕ್ಕ ಹಾಕಿ, ಮತ ಪಡೆದು ಒಪ್ಪಿಕೊಂಡಿತು. ರೂಪಾಯಿ ಎರಡು ಸಲವೂ ರೂಪಾಯಿಯೇ.

ಕನ್ನಡ ನಾಡಿನ ಉತ್ತರ ಭಾಗದ ಅನುಭವ ಬೇರೆಯೇ ಆಗಿತ್ತು. ಕಲಬುರಗಿ, ಬೀದರ್, ರಾಯಚೂರುಗಳು ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲಿ ಹಾಲಿ ಸಿಕ್ಕಾ ಎಂಬ ಸ್ವಂತ ರೂಪಾಯಿ ಚಲಾವಣೆಯಲ್ಲಿತ್ತು; ಬ್ರಿಟಿಷ್ ಭಾರತದ ರೂಪಾಯಿಯನ್ನು ಜನ ಕಲ್ದಾರ್ ಎನ್ನುತ್ತಿದ್ದರು, ಮತ್ತು ಏಳು ಹಾಲಿ ಸಿಕ್ಕಾಗಳಿಗೆ ಹೆಚ್ಚು ಕಡಿಮೆ ಆರು ಕಲ್ದಾರ್ ಸಿಗುತ್ತಿದ್ದವು. 1947ರ ನವೆಂಬರಿನಲ್ಲಿ ಭಾರತದೊಡನೆ ಯಥಾಸ್ಥಿತಿ ಒಪ್ಪಂದಕ್ಕೆ ಸಹಿಯಾದ ಬೆನ್ನಿಗೇ ನಿಜಾಮರ ಸರ್ಕಾರ ತನ್ನ ಸೀಮೆಯಲ್ಲಿ ಭಾರತದ ಹಣ ಸಲ್ಲದೆಂದು ಸುಗ್ರೀವಾಜ್ಞೆ ಹೊರಡಿಸಿತು. ಸ್ವಂತ ನಾಣ್ಯವನ್ನು ಸ್ವಾತಂತ್ರ್ಯದ ಗುರುತಾಗಿ ಎತ್ತಿ ಹಿಡಿದ ಆ ಸರ್ಕಾರದಲ್ಲಿ ಪ್ರಜೆಗಳಿಗೆ ಆಳುವ ಅಧಿಕಾರವಿರಲಿಲ್ಲ. ಆದುದರಿಂದ ಆ ನಾಣ್ಯ ಅರಸನ ಸ್ವಾತಂತ್ರ್ಯದ ಗುರುತಾಯಿತೇ ಹೊರತು ಕಲಬುರಗಿಯ ರೈತನದಲ್ಲ. ಹೈದರಾಬಾದನ್ನು ಭಾರತಕ್ಕೆ ಸೇರಿಸಿದ 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರವೂ ಹಾಲಿ ಸಿಕ್ಕಾವನ್ನು ಒಂದೇ ದಿನದಲ್ಲಿ ರದ್ದು ಮಾಡದೆ, 1950ರ ದಶಕದಲ್ಲಿ ಹಂತಹಂತವಾಗಿ ಹಿಂತೆಗೆದುಕೊಂಡದ್ದು ವಿವೇಕದ ಕೆಲಸ. ಕೂಡಿಟ್ಟ ಹಣವನ್ನು ಬದಲಾಯಿಸಿಕೊಳ್ಳಲು ಜನರಿಗೆ ಅದರಿಂದ ಕಾಲಾವಕಾಶ ಸಿಕ್ಕಿತು.

ಇಬ್ಬರು ಸ್ವತಂತ್ರರು ಒಂದೇ ಸಂಸ್ಥೆಯನ್ನು ಹಂಚಿಕೊಂಡಾಗ ಏನಾಗುತ್ತದೆ ಎಂಬುದಕ್ಕೆ ಅತ್ಯಂತ ಸ್ಪಷ್ಟವಾದ ಉದಾಹರಣೆ ಭಾರತ ಮತ್ತು ಪಾಕಿಸ್ತಾನಗಳದು. ವಿಭಜನೆಯಾದಾಗ ಭಾರತೀಯ ರಿಸರ್ವ್ ಬ್ಯಾಂಕೇ 1948ರ ಸೆಪ್ಟೆಂಬರ್ ಕೊನೆಯವರೆಗೆ ಎರಡೂ ದೇಶಗಳ ಕೇಂದ್ರ ಬ್ಯಾಂಕಾಗಿರಬೇಕೆಂದು ಒಪ್ಪಂದವಾಗಿತ್ತು. ನಾಸಿಕದಲ್ಲಿ ಅಚ್ಚಾದ ನೋಟುಗಳ ಮೇಲೆ ಪಾಕಿಸ್ತಾನ ಸರ್ಕಾರವೆಂಬ ಹೆಸರು ಸೇರಿಸಿ ಅಲ್ಲಿ ಚಲಾವಣೆಗೆ ಬಿಡಲಾಯಿತು. ಆದರೆ ಪಾಕಿಸ್ತಾನದ ಪಾಲಿಗೆ ಬರಬೇಕಾಗಿದ್ದ 75 ಕೋಟಿ ರೂಪಾಯಿಗಳಲ್ಲಿ 55 ಕೋಟಿಯನ್ನು ಕಾಶ್ಮೀರದ ಯುದ್ಧದ ಕಾರಣದಿಂದ ಭಾರತ ತಡೆಹಿಡಿದು, 1948ರ ಜನವರಿಯಲ್ಲಿ ಗಾಂಧೀಜಿಯವರ ಉಪವಾಸದ ವೇಳೆ ಬಿಡುಗಡೆ ಮಾಡಿತು. ಬ್ಯಾಂಕು ಹಂಚಿಕೊಂಡದ್ದು ತಪ್ಪಲ್ಲ, ಯುದ್ಧ ನಡೆಯುತ್ತಿರುವಾಗ ಆ ಹಂಚಿಕೆ ಬಾಳುವುದು ಸಾಧ್ಯವಿರಲಿಲ್ಲ. ಗಡುವಿಗೆ ಮೂರು ತಿಂಗಳು ಮೊದಲೇ, 1948ರ ಜುಲೈ 1ರಂದು, ಕರಾಚಿಯಲ್ಲಿ ಪಾಕಿಸ್ತಾನದ ಸ್ವಂತ ಕೇಂದ್ರ ಬ್ಯಾಂಕು ತೆರೆಯಿತು. ಮರುವರ್ಷದ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನೊಡನೆ ಭಾರತವೂ ತನ್ನ ರೂಪಾಯಿಯನ್ನು ಅಪಮೌಲ್ಯ ಮಾಡಿತು, ಅಂದರೆ ಹೊರದೇಶದ ಹಣದೆದುರು ಅದರ ಬೆಲೆಯನ್ನು ಬೇಕೆಂದೇ ಇಳಿಸಿತು, ಪಾಕಿಸ್ತಾನ ಇಳಿಸಲಿಲ್ಲ. ನಿನ್ನೆಯವರೆಗೆ ಸಮನಾಗಿದ್ದ ಪಾಕಿಸ್ತಾನದ ನೂರು ರೂಪಾಯಿಗೆ ಇದ್ದಕ್ಕಿದ್ದಂತೆ ಭಾರತದ 144 ರೂಪಾಯಿಯಾಯಿತು, ಭಾರತ ಆ ದರವನ್ನು ಒಪ್ಪಲಿಲ್ಲ, ವ್ಯಾಪಾರ ನಿಂತಿತು. ಪೂರ್ವ ಬಂಗಾಳದಲ್ಲಿ ಬೆಳೆದ ಸೆಣಬು, ಕಲ್ಕತ್ತೆಯ ಗಿರಣಿಗಳು ಒಂದಕ್ಕೊಂದು ಎಟುಕದಂತಾದವು.

ಬೇರೆ ಉದಾಹರಣೆಗಳಿಗೆ ಇಷ್ಟು ವಿಸ್ತಾರ ಬೇಕಿಲ್ಲ. 1993ರ ಜನವರಿಯಲ್ಲಿ ಶಾಂತಿಯಿಂದ ಬೇರೆಯಾದ ಚೆಕ್ ಮತ್ತು ಸ್ಲೊವಾಕ್ ದೇಶಗಳ ಜಂಟಿ ಹಣ ಫೆಬ್ರವರಿಯ ಎರಡನೆಯ ವಾರವನ್ನೂ ದಾಟಲಿಲ್ಲ, ಏಕೆಂದರೆ ಸ್ಲೊವಾಕ್ ಹಣದ ಬೆಲೆ ಬೀಳುವುದೆಂದು ಭಾವಿಸಿದ ಜನ ಠೇವಣಿಗಳನ್ನು ಚೆಕ್ ಬ್ಯಾಂಕುಗಳಿಗೆ ಸಾಗಿಸಿದ್ದರು. ಐರ್ಲೆಂಡ್ ಮಾತ್ರ 1928ರಲ್ಲಿ ಸ್ವಂತ ಪೌಂಡ್ ತಂದುಕೊಂಡೂ 1979ರವರೆಗೆ ಅದನ್ನು ಬ್ರಿಟನ್ನಿನ ಪೌಂಡಿಗೆ ಸಮನಾಗಿಯೇ ಇರಿಸಿಕೊಂಡು, ತನಗೆ ಬೇಕೆನಿಸಿದಾಗ ಬಿಡಿಸಿಕೊಂಡಿತು.

ಇಂದು ಕರ್ನಾಟಕದ ಮುಂದಿರುವುದು ಬೇರೆ ನಾಣ್ಯದ ಪ್ರಶ್ನೆಯಲ್ಲ, ಆಗಬೇಕಾಗಿಯೂ ಇಲ್ಲ. ಒಂದೇ ರೂಪಾಯಿಯೊಳಗೆ ರಾಜ್ಯದ ಮಾತಿಗೆ ಎಷ್ಟು ತೂಕ ಎಂಬುದು ಪ್ರಶ್ನೆ. ಕೇಂದ್ರ ಸಂಗ್ರಹಿಸಿದ ತೆರಿಗೆಯಲ್ಲಿ ರಾಜ್ಯಗಳಿಗೆ ಹಂಚುವ ಮೊತ್ತದೊಳಗೆ ಕರ್ನಾಟಕದ ಪಾಲು ಹದಿನಾಲ್ಕನೆಯ ಹಣಕಾಸು ಆಯೋಗದ ಕಾಲದ ಶೇ. 4.713ರಿಂದ ಹದಿನೈದನೆಯದರಲ್ಲಿ ಶೇ. 3.647ಕ್ಕೆ ಇಳಿದಾಗ ರಾಜ್ಯದಲ್ಲಿ ಎದ್ದ ಅಸಮಾಧಾನ ನ್ಯಾಯವಾದದ್ದು. ಆದರೆ ಅದು ಘೋಷಣೆಯಲ್ಲಿ ಮುಗಿಯದೆ ನಿಯಮಗಳ ಓದಿಗೆ ಇಳಿಯಬೇಕು. 2017ರಿಂದ ಜಾರಿಯಲ್ಲಿರುವ ಸರಕು ಮತ್ತು ಸೇವಾ ತೆರಿಗೆಯ ಮಂಡಳಿಯಲ್ಲಿ ಕೇಂದ್ರದ ಮತಕ್ಕೆ ಮೂರನೆಯ ಒಂದು ಭಾಗ, ಎಲ್ಲ ರಾಜ್ಯಗಳಿಗೆ ಸೇರಿ ಉಳಿದ ಎರಡು ಭಾಗ ತೂಕವಿದ್ದು, ತೀರ್ಮಾನಕ್ಕೆ ನಾಲ್ಕನೆಯ ಮೂರು ಭಾಗ ಬೇಕು. ಅಂದರೆ ರಾಜ್ಯಗಳೆಲ್ಲ ಒಟ್ಟಾದರೂ ಕೇಂದ್ರದ ಒಪ್ಪಿಗೆಯಿಲ್ಲದೆ ಏನನ್ನೂ ಅಂಗೀಕರಿಸಲಾರವು. ಕೇಂದ್ರವೂ ಹೆಚ್ಚಿನ ರಾಜ್ಯಗಳ ಬೆಂಬಲವಿಲ್ಲದೆ ಮುಂದುವರಿಯಲಾರದು. ಆ ಮಂಡಳಿಯ ಶಿಫಾರಸುಗಳು ಶಾಸನಸಭೆಗಳನ್ನು ಕಟ್ಟಿಹಾಕುವುದಿಲ್ಲವೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿರುವುದರಿಂದ, ಮಂಡಳಿಯಲ್ಲಿ ಕರ್ನಾಟಕದ ಪರವಾಗಿ ಯಾರು ಏನು ಹೇಳಿದರು ಎಂದು ತಮ್ಮ ಶಾಸಕರ ಮೂಲಕ ವಿಧಾನಸಭೆಯಲ್ಲಿ ಕೇಳಿಸುವ ಹಕ್ಕು ವರ್ತೂರಿನ ಮತದಾರರಿಗೆ ಇಂದು ಇದೆ.