ಆ ಹೆಂಗಸನ್ನು ಹುಳಿ ಹಾಕಿ ತಿಕ್ಕಬೇಡ

ಅಳಿಯಾ,

ಮನೆಯ ಮಾಡು ಬಿಚ್ಚುವ ಮೊದಲು ಅಟ್ಟ ಖಾಲಿ ಮಾಡುವಾಗ ಗೋಣಿಯಲ್ಲಿ ಸುತ್ತಿಟ್ಟ ಕಂಚಿನ ಹೆಂಗಸು ಸಿಕ್ಕಿದ್ದಾಳೆ, ಬೆನ್ನಿಗೆ ರೆಕ್ಕೆ, ಕೈಯಲ್ಲಿ ಕಹಳೆ ಅಂದೆಯಲ್ಲ. ಕಪ್ಪಾಗಿದ್ದಾಳೆ, ಹುಣಸೆಹುಳಿ ಹಾಕಿ ತಿಕ್ಕಿ ಬಿ.ಸಿ. ರೋಡ್ ಪೇಟೆಗೆ ಕೊಂಡುಹೋಗಿ ಮಾರುತ್ತೇನೆ ಎಂದೂ ಅಂದೆ. ಫೋನಿನಲ್ಲಿ ನಾನು ‘ಬೇಡ ಮಾರಾಯ’ ಅಂದು ಇಟ್ಟೆ. ಕಾರಣ ಈಗ ಬರೆಯುತ್ತಿದ್ದೇನೆ.

ಅವಳನ್ನು ತಂದದ್ದು ನನ್ನ ಮಾವ, ಬೊಂಬಾಯಿಯ ಚೋರ್ ಬಜಾರಿನಿಂದ. ಫ್ರಾನ್ಸಿನ ಮಾಲು ಎನ್ನುತ್ತಿದ್ದರು. ಆಗ ಅವಳು ಒಬ್ಬಳೇ ಅಲ್ಲ, ಜೋಡಿ ಇತ್ತು. ಇನ್ನೊಬ್ಬಳ ತೋಳಿನಲ್ಲಿ ತೆನೆಯ ಕಟ್ಟು. ನನಗೆ ಹದಿನಾರು ವರ್ಷ. ದೀಪಾವಳಿಗೆ ಮಾವನನ್ನು ಮೆಚ್ಚಿಸಬೇಕೆಂದು ತೆನೆಯವಳನ್ನು ಬಾವಿಕಟ್ಟೆಗೆ ಒಯ್ದು ಹುಳಿ, ಬೂದಿ, ತೆಂಗಿನ ನಾರು ಹಾಕಿ ಉಜ್ಜಿದೆ. ಕಡು ಕಂದು ಬಣ್ಣ ಹೋಗಿ ಹಳದಿ ಬಂತು, ಅದೂ ತೇಪೆ ತೇಪೆಯಾಗಿ. ಮಾವ ಬೈಯಲಿಲ್ಲ. ಊಟಕ್ಕೆ ಬರಲಿಲ್ಲ, ಅಷ್ಟೆ. ಕೆಲವು ವರ್ಷದ ಮೇಲೆ ಅವಳು ತೂಕಕ್ಕೆ ಗುಜರಿಗೆ ಹೋದಳು.

ನನ್ನ ತಪ್ಪು ಎಲ್ಲಿತ್ತು ಗೊತ್ತೇ? ಭೂತದ ನೇಮದ ಮೊದಲು ಭಂಡಾರದ ಮೊಗ ಎಂಬ ಮುಖವಾಡ, ಕಡ್ಸಲೆ ಎಂಬ ಕತ್ತಿ ತೊಳೆದು ಫಳಫಳ ಮಾಡುವುದನ್ನು ನೋಡಿ ಬೆಳೆದವ ನಾನು. ಅಲ್ಲಿ ಆ ಹೊಳಪೇ ಸೇವೆ. ಫ್ರಾನ್ಸಿನ ಕೆಲಸ ಬೇರೆ. ಅಲ್ಲಿ ಮೂರ್ತಿ ಎರಕವಾದ ಮೇಲೆ ಲೋಹವನ್ನು ಕಾಯಿಸಿ, ರಾಸಾಯನಿಕವನ್ನು ಕುಂಚದಿಂದ ಹಚ್ಚಿ, ಕೊನೆಗೆ ಮೇಣ ಬಳಿಯುತ್ತಿದ್ದರು. ಕಂದು, ಕಪ್ಪು, ಹಸಿರು ಎಲ್ಲ ಹಾಗೆ ಬರಿಸಿದ ಬಣ್ಣ. ನೀನು ಕೊಳೆ ಎನ್ನುವುದು ಕುಶಲಕರ್ಮಿಯ ಕೊನೆಯ ಕೈ.

ಅವಳು ಯಾರು ಎಂದು ನೀನು ಕೇಳಿದೆ. ದೇವತೆ ಎಂದು ಪೂಜಿಸಲು ಮಾಡಿದವಳಲ್ಲ. ಒಂದು ಭಾವಕ್ಕೆ ಮೈ ಕೊಟ್ಟರೆ ಹೀಗಾಗುತ್ತದೆ. ತಕ್ಕಡಿ ಹಿಡಿದರೆ ನ್ಯಾಯ, ಪಂಜು ಹಿಡಿದರೆ ಸ್ವಾತಂತ್ರ್ಯ, ರೆಕ್ಕೆಯೊಂದಿಗೆ ಕಹಳೆ ಇದ್ದರೆ ಕೀರ್ತಿ. ಮೂಡುಬಿದಿರೆಯ ಚೌಟರ ಅರಮನೆಯ ಮರದ ಕಂಬದಲ್ಲಿ ಒಂಬತ್ತು ಹೆಣ್ಣುಗಳು ಸೇರಿ ಆನೆಯಾದದ್ದನ್ನು ನಿನಗೆ ತೋರಿಸಿದ್ದೆ, ನೆನಪುಂಟಾ? ಹೆಣ್ಣನ್ನು ನೋಡುತ್ತ ನಿಂತರೆ ಆನೆ ಕಾಣುವುದಿಲ್ಲ. ಇವಳೂ ಹಾಗೆಯೇ, ಮುಖಕ್ಕಿಂತ ಮೊದಲು ಕೈ ನೋಡಬೇಕು.

ಹಾಗೆಂದು ಕೋಟಿಯ ಕನಸು ಬೇಡ. ಪ್ಯಾರಿಸಿನಲ್ಲಿ ಆಶಿಲ್ ಕೊಲಾಸ್ ಎಂಬಾತ 1836ರ ಹೊತ್ತಿಗೆ ದೊಡ್ಡ ಶಿಲ್ಪವನ್ನು ಅಳತೆ ತಪ್ಪದೆ ಕಿರಿದು ಮಾಡುವ ಯಂತ್ರ ಕಟ್ಟಿದ. 1838ರಲ್ಲಿ ಫರ್ಡಿನಾಂಡ್ ಬಾರ್ಬೆದಿಯೆನ್ ವ್ಯಾಪಾರಕ್ಕೆ ಅವನ ಜೊತೆ ಸೇರಿದ. ಅಲ್ಲಿಂದ ಒಂದೇ ಮೂರ್ತಿ ಹಲವು ಅಳತೆಯಲ್ಲಿ ಮನೆಮನೆಯ ಚಾವಡಿಗೆ ಹೋಯಿತು. ಆದ್ದರಿಂದ ಬೆಲೆ ನಿಲ್ಲುವುದು ಎರಕದ ಅಚ್ಚುಕಟ್ಟು, ಬಣ್ಣ, ಮುದ್ರೆಗಳ ಮೇಲೆ. ಪೀಠದ ಅಂಚಿನಲ್ಲಿ, ಹಿಂಬದಿಯಲ್ಲಿ ಶಿಲ್ಪಿಯ ಹೆಸರೋ ಎರಕದ ಮನೆಯ ಮುದ್ರೆಯೋ ಇದೆಯೇ ನೋಡು. ಬೆರಳಿನ ಗೆಣ್ಣಿನಿಂದ ಮೆಲ್ಲಗೆ ತಟ್ಟು. ಕಂಚು ಗಂಟೆಯ ಹಾಗೆ ಸ್ವಲ್ಪ ಹೊತ್ತು ಗುಂಯ್ ಅನ್ನುತ್ತದೆ. ಸತುವಿನ ಅಗ್ಗದ ಎರಕ ಮಂದ ಸದ್ದು ಮಾಡಿ ಸುಮ್ಮನಾಗುತ್ತದೆ. ಪೀಠದ ಒಳಗೆ ಹಳೆಯ ಗೀರಿದ್ದರೆ, ಕಂಚಿನದು ಹಳದಿ, ಸತುವಿನದು ಬೂದಿಬಣ್ಣ. ಹೊಸ ಗೀರು ಮಾತ್ರ ನೀನು ಎಳೆಯಬೇಡ.

ನಮ್ಮದು ಮಳೆಯ ಊರು, ಗಾಳಿಯಲ್ಲಿ ಕಡಲಿನ ಉಪ್ಪು. ಬೆವರಿದ ಕೈಯಲ್ಲಿ ಹಿಡಿಯಬೇಡ, ನೀರು ಮುಟ್ಟಿಸಬೇಡ. ಮೆತ್ತನೆಯ ಕುಂಚದಲ್ಲಿ ಧೂಳು ಕೊಡವಿದರೆ ಸಾಕು. ಒರೆಸಿದರೂ ಮತ್ತೆ ಮತ್ತೆ ತೆಳು ಹಸಿರು ಪುಡಿ ಏಳುತ್ತಿದ್ದರೆ ಅದು ಕಂಚನ್ನು ತಿನ್ನುವ ರೋಗ. ಆಗ ಬಲ್ಲವರಿಗೇ ಕೊಡಬೇಕು.

ಮಾರುವ ಮಾತಿಗೆ ಬಂದರೆ, ನೂರು ವರ್ಷ ದಾಟಿದ ಶಿಲ್ಪ 1972ರ ಪುರಾತನ ವಸ್ತುಗಳ ಕಾಯ್ದೆಯೊಳಗೆ ಬರುತ್ತದೆ. ಅಂಥ ಲೋಹದ ಶಿಲ್ಪ ಮನೆಯಲ್ಲಿದ್ದರೆ ನೋಂದಣಿ ಮಾಡಿಸಬೇಕು, ವ್ಯಾಪಾರಿಗೆ ಲೈಸೆನ್ಸ್ ಇರಬೇಕು, ಖಾಸಗಿಯವರು ಅದನ್ನು ಹೊರದೇಶಕ್ಕೆ ಕಳಿಸುವಂತಿಲ್ಲ. ‘ಇವತ್ತೇ ಕೊಟ್ಟರೆ ಇಷ್ಟು’ ಎಂದು ಅವಸರ ಮಾಡುವವನಿಗೆ ಚಾ ಕೊಟ್ಟು ಕಳಿಸು. ಒಂದು ಆದಿತ್ಯವಾರ ಬೆಳ್ತಂಗಡಿ ದಾಟಿ ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯಕ್ಕೆ ಹೋಗಿ ಬಾ. ನಿನ್ನ ಬಂಟ್ವಾಳದಲ್ಲೇ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರವಿದೆ. ನಮ್ಮ ಅಟ್ಟಗಳಿಂದ ಗುಜರಿಗೆ ಹೋಗುತ್ತಿದ್ದಂಥ ಸಾಮಾನುಗಳಿಗೆ ಅಲ್ಲಿ ಯಾವ ಮರ್ಯಾದೆ ಸಿಕ್ಕಿದೆ ಎಂದು ನೋಡು. ಆಮೇಲೂ ಮಾರಬೇಕು ಅನ್ನಿಸಿದರೆ ಮಾರು, ನನ್ನ ಅಡ್ಡಿಯಿಲ್ಲ. ಆದರೆ ಯಾರು, ಎಲ್ಲಿಂದ ತಂದರು ಎಂಬುದನ್ನು ಒಂದು ಕಾಗದದಲ್ಲಿ ಬರೆದು ಅವಳ ಜೊತೆ ಕೊಡು.

ಸೋದರಮಾವನಿಂದ ಅಳಿಯನಿಗೆ ಆಸ್ತಿ ಬರುವ ಕಾಲ ಹೋಯಿತು. ನನ್ನಿಂದ ನಿನಗೆ ಬರುವುದು ಈ ತಿಳಿವಳಿಕೆ ಮಾತ್ರ, ಅದೂ ಒಬ್ಬಳನ್ನು ಹಾಳು ಮಾಡಿ ಕಲಿತದ್ದು.

ಇನ್ನೊಂದು. ಅವಳ ಹಣೆಯಲ್ಲಿ ಕೆಂಪು ಕಲೆ ಇರಬಹುದು. ಲಕ್ಷ್ಮಿ ಎಂದುಕೊಂಡು ಶುಕ್ರವಾರ ಶುಕ್ರವಾರ ನಿನ್ನ ಅಜ್ಜಿ ಇಟ್ಟ ಕುಂಕುಮ ಅದು. ಅದನ್ನೂ ಒರೆಸಬೇಡ.

ನಿನ್ನ ಮಾವ